ಉಬ್ಬಿದ ಮಹಾಪಧಮನಿ: ಮೊದಲ ತಿಂಗಳು ಮತ್ತು ಹತ್ತನೇ ವರ್ಷ

1951ರ ಮಾರ್ಚ್ 29ರಂದು ಪ್ಯಾರಿಸ್ಸಿನಲ್ಲಿ ಶಾರ್ಲ್ ದ್ಯುಬೋ ಎಂಬ ಶಸ್ತ್ರವೈದ್ಯರು ಐವತ್ತರ ರೋಗಿಯೊಬ್ಬರ ಹೊಟ್ಟೆಯೊಳಗೆ ಉಬ್ಬಿದ್ದ ಮಹಾಪಧಮನಿಯ ಭಾಗವನ್ನು ಕತ್ತರಿಸಿ ತೆಗೆದರು. ಖಾಲಿಯಾದ ಜಾಗಕ್ಕೆ, ಮೂರು ವಾರಗಳ ಹಿಂದೆ ತೀರಿಕೊಂಡಿದ್ದ ಇಪ್ಪತ್ತರ ಯುವತಿಯೊಬ್ಬಳ ಎದೆಯ ಮಹಾಪಧಮನಿಯ ತುಂಡನ್ನು ಹೊಲಿದರು. ರೋಗಿ ಎಂಟು ವರ್ಷ ಬದುಕಿದರು. ಕೊನೆಗೆ ಅವರನ್ನು ಒಯ್ದದ್ದು ಹೃದಯಾಘಾತ. ಈ ಚಿಕಿತ್ಸೆಯ ಚರಿತ್ರೆಯಲ್ಲಿ ನನಗೆ ತುಂಬ ಮುಖ್ಯವೆನಿಸುವುದು ಆ ಎಂಟು ವರ್ಷ. ಈ ಕ್ಷೇತ್ರದಲ್ಲಿ ಹೊಸ ವಿಧಾನ ಬಂದಾಗಲೆಲ್ಲ ಗೆಲುವಿನ ಸುದ್ದಿ ಹೊರಟದ್ದು ಮೊದಲ ತಿಂಗಳಲ್ಲಿ, ರೋಗಿ ನಡೆದುಕೊಂಡು ಮನೆಗೆ ಹೋದ ದಿನ. ಆ ವಿಧಾನ ನಿಜಕ್ಕೂ ಬಾಳಿಕೆ ಬರುತ್ತದೆಯೇ ಎಂಬುದು ತಿಳಿದದ್ದು ಐದು, ಹತ್ತು, ಹದಿನೈದು ವರ್ಷ ಕಳೆದ ಮೇಲೆ. ಮೊದಲ ತಿಂಗಳಿಗೂ ಹತ್ತನೇ ವರ್ಷಕ್ಕೂ ನಡುವಿನ ಈ ಅಂತರವನ್ನು ಗಮನದಲ್ಲಿಟ್ಟುಕೊಂಡು ಓದಿದರೆ ಎಪ್ಪತ್ತು ವರ್ಷಗಳ ಬೆಳವಣಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ರೋಗದ ಬಗ್ಗೆ ಎರಡು ಮಾತು. ಹೃದಯದಿಂದ ಹೊರಟ ಮಹಾಪಧಮನಿ ಎದೆಯನ್ನು ದಾಟಿ, ಬೆನ್ನುಮೂಳೆಗೆ ಒತ್ತಿಕೊಂಡು ಹೊಟ್ಟೆಗೆ ಇಳಿಯುತ್ತದೆ. ಮೂತ್ರಪಿಂಡಗಳಿಗೆ ಕವಲು ಕೊಟ್ಟು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಒಡೆದು ಕಾಲುಗಳ ಕಡೆಗೆ ಹೋಗುತ್ತದೆ. ಹೊಟ್ಟೆಯಲ್ಲಿ ಅದರ ಅಗಲ ಸುಮಾರು 2 ಸೆಂಟಿಮೀಟರ್. ಮೂತ್ರಪಿಂಡದ ಕವಲುಗಳ ಕೆಳಗಿನ ಗೋಡೆಯಲ್ಲಿ ಹಿಗ್ಗಿ ಕುಗ್ಗುವ ಎಲಾಸ್ಟಿನ್ ನಾರು ಮೊದಲೇ ಕಡಿಮೆ. ವಯಸ್ಸು, ಧೂಮಪಾನ, ರಕ್ತದೊತ್ತಡ, ವಂಶದ ಗುಣ ಇವೆಲ್ಲ ಸೇರಿ ಆ ನಾರು ಸವೆದಾಗ ಗೋಡೆ ಹಳೆಯ ಸೈಕಲ್ ಟ್ಯೂಬಿನಂತೆ ಒಂದೆಡೆ ಉಬ್ಬತೊಡಗುತ್ತದೆ. ಅಗಲ 3 ಸೆಂಟಿಮೀಟರ್ ದಾಟಿದರೆ ವೈದ್ಯರು ಅದನ್ನು ಅನ್ಯೂರಿಸಂ ಎನ್ನುತ್ತಾರೆ. ನಾಳ ಅಗಲವಾದಷ್ಟೂ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ, ಎಳೆತ ಹೆಚ್ಚಿದಷ್ಟೂ ನಾಳ ಇನ್ನೂ ಅಗಲವಾಗುತ್ತದೆ. ಹಾಗಾಗಿ ಉಬ್ಬು ತಾನಾಗಿ ಇಳಿಯುವುದಿಲ್ಲ. ನೋವು ಇಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ. ಒಡೆದ ದಿನ ಬೆನ್ನಿನಲ್ಲೋ ಪಕ್ಕೆಯಲ್ಲೋ ತಡೆಯಲಾರದ ನೋವು ಬರುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಒಡೆದವರಲ್ಲಿ ಹೆಚ್ಚಿನವರು ಆಸ್ಪತ್ರೆ ಮುಟ್ಟುವ ಮೊದಲೇ ಅಥವಾ ಮುಟ್ಟಿದ ಮೇಲೆ ಸಾಯುತ್ತಾರೆ. ಬದುಕುವವರು ಐದರಲ್ಲಿ ಒಬ್ಬರಷ್ಟೇ.

ಹಳಬರಿಗೆ ಇದರ ಪರಿಚಯ ಇರಲಿಲ್ಲವೆಂದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನ ಗ್ರಂಥಿಗಳ ಬಗೆಗಳನ್ನು ಹೇಳುವಾಗ ಸಿರೆಯಲ್ಲಿ ಹುಟ್ಟುವ ಗ್ರಂಥಿಯನ್ನೂ ಹೆಸರಿಸಿ, ಅದರಲ್ಲಿ ಗುಣವಾಗದ ಬಗೆಯನ್ನು ಬೇರೆಯಾಗಿ ಗುರುತಿಸುತ್ತದೆ. ಅದನ್ನು ಇಂದಿನ ಅನ್ಯೂರಿಸಂ ಎಂದೇ ಬರೆಯುವವರಿದ್ದಾರೆ. ಅಷ್ಟು ಖಚಿತವಾಗಿ ಹೇಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆ ವರ್ಣನೆ ಬೇರೆ ರಕ್ತನಾಳ ರೋಗಗಳಿಗೂ ಹೊಂದುತ್ತದೆ. ರೋಮನ್ ಕಾಲದ ಗ್ರೀಕ್ ವೈದ್ಯ ಆಂಟಿಲಸ್‌ನ ವಿಧಾನ ಮಾತ್ರ ಸ್ಪಷ್ಟವಾಗಿದೆ. ಕೈಕಾಲಿನ ನಾಳ ಉಬ್ಬಿದರೆ ಉಬ್ಬಿನ ಮೇಲೂ ಕೆಳಗೂ ದಾರದಿಂದ ಕಟ್ಟಿ, ನಡುವಿನ ಚೀಲವನ್ನು ಸೀಳಿ ಒಳಗಿನ ಹೆಪ್ಪನ್ನು ತೆಗೆಯಬೇಕು ಎಂದು ಅವನು ಹೇಳಿದ್ದ. ಹೊಟ್ಟೆಯ ಮಹಾಪಧಮನಿಯ ಉಬ್ಬನ್ನು ಹದಿನಾರನೇ ಶತಮಾನದಲ್ಲಿ ವೆಸೇಲಿಯಸ್ ವಿವರಿಸಿದರು. ಕಂಡುಹಿಡಿದು ಮಾಡುವುದೇನು ಎಂಬ ಪ್ರಶ್ನೆಗೆ ಮುಂದಿನ ಮುನ್ನೂರು ವರ್ಷ ಉತ್ತರ ಸಿಗಲಿಲ್ಲ.

ಕಟ್ಟುವ ಕಾಲ ದೀರ್ಘವಾಗಿತ್ತು. 1785ರ ಡಿಸೆಂಬರಿನಲ್ಲಿ ಲಂಡನ್ನಿನ ಜಾನ್ ಹಂಟರ್ ಒಬ್ಬ ಸಾರೋಟು ಚಾಲಕನ ಮೊಣಕಾಲಿನ ಹಿಂದಿನ ಉಬ್ಬಿಗೆ ಕೈ ಹಾಕದೆ, ತೊಡೆಯಲ್ಲಿ ನಾಳ ಆರೋಗ್ಯವಾಗಿರುವ ಕಡೆ ಕಟ್ಟಿದರು. ಸಣ್ಣ ಕವಲುಗಳು ಹಿಗ್ಗಿ ಕಾಲಿಗೆ ರಕ್ತ ಒದಗಿಸಿದವು, ಕಾಲು ಉಳಿಯಿತು. ಅವರ ಶಿಷ್ಯ ಆಸ್ಟ್ಲಿ ಕೂಪರ್ 1817ರಲ್ಲಿ ಅದೇ ತರ್ಕವನ್ನು ಮಹಾಪಧಮನಿಗೇ ಅನ್ವಯಿಸಿದರು. ರೋಗಿಯ ಸೊಂಟದ ನಾಳದ ಉಬ್ಬು ಒಡೆದು ರಕ್ತ ಹರಿಯುತ್ತಿತ್ತು. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ಹೊಟ್ಟೆ ತೆರೆದು ಬೆರಳಿನಿಂದ ಮಹಾಪಧಮನಿಯನ್ನು ಹುಡುಕಿ ಕಟ್ಟಿದರು. ರೋಗಿ ಬದುಕಿದ್ದು ಸುಮಾರು ನಲವತ್ತು ಗಂಟೆ. ಮುಂದೆ ಉಬ್ಬಿನೊಳಗೆ ಗಜಗಟ್ಟಲೆ ತಂತಿ ತುರುಕಿ ರಕ್ತ ಹೆಪ್ಪುಗಟ್ಟಿಸುವ ಪ್ರಯತ್ನ ನಡೆಯಿತು. ಆ ತಂತಿಗೆ ವಿದ್ಯುತ್ ಹರಿಸಿದವರೂ ಇದ್ದರು. ಮಹಾಪಧಮನಿಯ ಅನ್ಯೂರಿಸಂಗೆ ನಾಳ ಕಟ್ಟಿ ರೋಗಿಯನ್ನು ಉಳಿಸಿಕೊಂಡ ಮೊದಲ ಯಶಸ್ಸು ನ್ಯೂ ಆರ್ಲಿಯನ್ಸಿನ ರುಡಾಲ್ಫ್ ಮಟಾಸ್ ಅವರದು, 1923ರಲ್ಲಿ. ಕೂಪರ್‌ ಅವರಿಂದ ಮಟಾಸ್‌ ಅವರವರೆಗೆ ನೂರಾ ಆರು ವರ್ಷ. ಆ ರೋಗಿಯ ಉಬ್ಬಿಗೆ ಕಾರಣ ಸಿಫಿಲಿಸ್. ಅವರು ಒಂದೂವರೆ ವರ್ಷದಷ್ಟು ಬದುಕಿ ಕ್ಷಯದಿಂದ ತೀರಿಕೊಂಡರು.

ಮಟಾಸ್ ಅವರ ದೊಡ್ಡ ಕೊಡುಗೆ ಇದಕ್ಕೂ ಮೊದಲಿನದು. 1888ರಲ್ಲಿ ತೋಳಿನ ಉಬ್ಬೊಂದನ್ನು ಮೇಲೆ ಕೆಳಗೆ ಕಟ್ಟಿದರೂ ಮಿಡಿತ ನಿಲ್ಲದಿದ್ದಾಗ ಅವರು ಚೀಲವನ್ನೇ ತೆರೆದರು. ಅದರೊಳಕ್ಕೆ ರಕ್ತ ತರುತ್ತಿದ್ದ ಸಣ್ಣ ನಾಳಗಳ ಬಾಯಿಗಳನ್ನು ಒಳಗಿನಿಂದಲೇ ಹೊಲಿದು ಮುಚ್ಚಿದರು. ಚೀಲವನ್ನು ಕಿತ್ತು ತೆಗೆಯಬೇಕಾಗಿಲ್ಲ, ಒಳಗಿನಿಂದ ಕೆಲಸ ಮಾಡಬಹುದು ಎಂಬುದು ಇದರಿಂದ ಖಚಿತವಾಯಿತು. ಈ ಪಾಠ ಎಂಬತ್ತು ವರ್ಷ ಸುತ್ತಿ ಬಳಸಿ ಮತ್ತೆ ಅದೇ ಊರಿಗೆ, ಮಟಾಸ್ ಅವರದೇ ವಿಶ್ವವಿದ್ಯಾಲಯಕ್ಕೆ ಬಂದಿತು. ಅದರ ಕಥೆ ಮುಂದೆ ಬರುತ್ತದೆ.

ಕಟ್ಟುವುದರಿಂದ ಹೊಲಿಯುವುದರ ಕಡೆಗೆ ತಿರುಗಿದ್ದು ಫ್ರಾನ್ಸಿನ ಲಿಯೋನ್‌ನಲ್ಲಿ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ ಅವರಿಗೆ ಆ ಊರಿನಲ್ಲಿ ಹಂತಕನೊಬ್ಬ ಚೂರಿ ಹಾಕಿದ. ಕತ್ತರಿಸಿದ ರಕ್ತನಾಳವನ್ನು ಹೊಲಿಯುವ ವಿದ್ಯೆ ಆಗಿನ್ನೂ ಬೆಳೆದಿರಲಿಲ್ಲ; ಅಧ್ಯಕ್ಷರು ಸತ್ತರು. ಆಗ ಅದೇ ಊರಿನಲ್ಲಿ ವೈದ್ಯಕೀಯ ಕಲಿಯುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್ ಅವರನ್ನು ಆ ಸಾವು ಕಾಡಿತು. ರೇಷ್ಮೆಗೆ ಹೆಸರಾದ ಲಿಯೋನ್‌ನ ಕಸೂತಿ ಕೆಲಸದ ಮಹಿಳೆಯೊಬ್ಬರ ಬಳಿ ಸಣ್ಣ ಸೂಜಿ, ನಯವಾದ ದಾರ ಹಿಡಿಯುವುದನ್ನು ಅವರು ಕಲಿತರು. 1902ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು: ನಾಳದ ದುಂಡನೆಯ ಬಾಯಿಗೆ ಮೂರು ಕಡೆ ದಾರ ಹಾಕಿ ಎಳೆದರೆ ಅದು ತ್ರಿಕೋನವಾಗುತ್ತದೆ, ಮೂರು ನೇರ ಅಂಚುಗಳನ್ನು ಒಂದೊಂದಾಗಿ ಹೊಲಿಯಬಹುದು. 1912ರಲ್ಲಿ ನೊಬೆಲ್ ಬಂತು. ಇಷ್ಟಾದರೂ ಮನುಷ್ಯನ ಮಹಾಪಧಮನಿಗೆ ಈ ಹೊಲಿಗೆ ಬರಲು ಇನ್ನೂ ನಲವತ್ತು ವರ್ಷ ಬೇಕಾಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಶುದ್ಧ ರೂಪದಲ್ಲಿ ಸಿಗಬೇಕಿತ್ತು, ರಕ್ತನಿಧಿಗಳು ಬರಬೇಕಿತ್ತು, ಅರಿವಳಿಕೆ ಸುಧಾರಿಸಬೇಕಿತ್ತು. ಜೀವಂತ ರೋಗಿಯ ಮಹಾಪಧಮನಿಯನ್ನು ಎಕ್ಸ್‌ರೇಯಲ್ಲಿ ನೋಡುವ ದಾರಿಯೂ ಬೇಕಿತ್ತು. ಅದನ್ನು 1929ರಲ್ಲಿ ಲಿಸ್ಬನ್ನಿನ ರೆನಾಲ್ಡೊ ದೊಸ್ ಸಾಂತೊಸ್ ತೋರಿಸಿಕೊಟ್ಟರು. ಸೂಜಿ ಹಿಡಿದವರ ಹೆಸರು ಉಳಿಯುತ್ತದೆ, ರಕ್ತ ಕೂಡಿಟ್ಟವರ ಹೆಸರು ಮರೆತುಹೋಗುತ್ತದೆ. ಆದರೆ ಈ ಶಸ್ತ್ರಚಿಕಿತ್ಸೆ ಎರಡನೆಯವರಿಗೂ ಅಷ್ಟೇ ಋಣಿ.

ನಡುವೆ ಬಂದುಹೋದ ಒಂದು ವಿಧಾನದಲ್ಲಿ ಭಾರತೀಯರೊಬ್ಬರ ಹೆಸರಿದೆ. ಸೆಲೋಫೇನ್ ಹಾಳೆ ದೇಹದೊಳಗೆ ಸುತ್ತಲಿನ ಅಂಗಾಂಶವನ್ನು ಕೆರಳಿಸಿ ನಾರುಗಟ್ಟಿಸುತ್ತದೆ ಎಂಬುದು 1930ರ ದಶಕದ ಕೊನೆಯಲ್ಲಿ ತಿಳಿಯಿತು. ಉಬ್ಬಿನ ಸುತ್ತ ಅದನ್ನು ಸುತ್ತಿದರೆ ಗೋಡೆ ಗಟ್ಟಿಯಾದೀತು ಎಂಬುದು ಆಸೆ. 1943ರಲ್ಲಿ ಪಾಲ್ ಹ್ಯಾರಿಸನ್ ಮತ್ತು ಜೇಕಬ್ ಚಾಂಡಿ ಹೆಗಲ ನಾಳದ ಅನ್ಯೂರಿಸಂ ಒಂದನ್ನು ಹೀಗೆ ಗುಣಪಡಿಸಿದ್ದಾಗಿ ಪ್ರಕಟಿಸಿದರು. ಮುಂದೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗ ಕಟ್ಟಿದ ಚಾಂಡಿಯವರೇ ಇವರು. ಸೆಲೋಫೇನ್ ಸುತ್ತಿಸಿಕೊಂಡ ರೋಗಿಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವವರು ಆಲ್ಬರ್ಟ್ ಐನ್‌ಸ್ಟೈನ್. 1948ರ ಡಿಸೆಂಬರಿನಲ್ಲಿ ಬ್ರೂಕ್ಲಿನ್ನಿನಲ್ಲಿ ಶಸ್ತ್ರವೈದ್ಯ ರುಡಾಲ್ಫ್ ನಿಸೆನ್ ಐನ್‌ಸ್ಟೈನ್ ಅವರ ಹೊಟ್ಟೆಯನ್ನು ತೆರೆದಾಗ ದೊಡ್ಡ ಅನ್ಯೂರಿಸಂ ಕಂಡಿತು. ತೆಗೆಯುವ ವಿಧಾನ ಆಗಿನ್ನೂ ಇರಲಿಲ್ಲ. ಮುಂಭಾಗಕ್ಕೆ ಸೆಲೋಫೇನ್ ಸುತ್ತಿ ಮುಚ್ಚಿದರು. ಐನ್‌ಸ್ಟೈನ್ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. 1955ರ ಏಪ್ರಿಲಿನಲ್ಲಿ ಉಬ್ಬು ಸೋರತೊಡಗಿದಾಗ ಹೊಸ ಶಸ್ತ್ರಚಿಕಿತ್ಸೆ ಬಳಕೆಗೆ ಬಂದಿತ್ತು. ನ್ಯೂಯಾರ್ಕಿನಿಂದ ಫ್ರಾಂಕ್ ಗ್ಲೆನ್ ಎಂಬ ಹಿರಿಯ ಶಸ್ತ್ರವೈದ್ಯರು ಬಂದು ನೋಡಿದರು. ಐನ್‌ಸ್ಟೈನ್ ಬೇಡವೆಂದರು, ಏಪ್ರಿಲ್ 18ರಂದು ಪ್ರಿನ್ಸ್‌ಟನ್ನಿನಲ್ಲಿ, 76ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ಆರು ವರ್ಷಗಳ ಯಶಸ್ಸನ್ನು ಸೆಲೋಫೇನಿಗೆ ಕೊಡಬೇಕೋ, ಆ ಉಬ್ಬಿನ ನಿಧಾನಗತಿಗೆ ಕೊಡಬೇಕೋ? ಒಬ್ಬ ರೋಗಿಯಿಂದ ಇದನ್ನು ತೀರ್ಮಾನಿಸಲಾಗದು. ಮುಂದಿನ ದಶಕಗಳ ದೊಡ್ಡ ಪ್ರಯೋಗಗಳು ಏಕೆ ಬೇಕಾದವು ಎಂಬುದಕ್ಕೆ ಕಾರಣ ಇಲ್ಲಿಯೇ ಇದೆ.

ಶವದಿಂದ ತೆಗೆದ ನಾಳವನ್ನು ಕಾಪಿಟ್ಟು ಬಳಸಬಹುದೆಂದು ಬಾಸ್ಟನ್ನಿನ ರಾಬರ್ಟ್ ಗ್ರಾಸ್ 1940ರ ದಶಕದ ಕೊನೆಯಲ್ಲಿ ತೋರಿಸಿದ್ದರು. 1950ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಜಾಕ್ ಊದೊ, ಮುಚ್ಚಿಹೋಗಿದ್ದ ಮಹಾಪಧಮನಿಯ ಕವಲನ್ನು ಅಂಥ ನಾಳದಿಂದ ಬದಲಿಸಿದರು. ಅದೇ ವರ್ಷದ ಜೂನಿನಲ್ಲಿ ಮೋರಿಸ್ ಹರ್ಜೋಗ್ ತಂಡ ಅನ್ನಪೂರ್ಣ ಶಿಖರ ಏರಿದಾಗ ಜೊತೆಗಿದ್ದ ವೈದ್ಯರು ಇವರೇ. ಹಿಮದಿಂದ ಕೊಳೆತ ಬೆರಳುಗಳಿಗೆ ದಾರಿಯುದ್ದಕ್ಕೂ ಚಿಕಿತ್ಸೆ ಮಾಡಿದವರು. ಊದೊ ನಾಳ ಬದಲಿಸಿದ ನಾಲ್ಕು ತಿಂಗಳ ಬಳಿಕ ದ್ಯುಬೋ ಅವರ ಶಸ್ತ್ರಚಿಕಿತ್ಸೆ ನಡೆಯಿತು. ಅಮೆರಿಕದಲ್ಲೂ ಅದೇ ತಿಂಗಳು ಇಂಥ ಪ್ರಯತ್ನ ನಡೆದಿತ್ತು, ಆ ರೋಗಿ ಒಂದು ತಿಂಗಳೊಳಗೆ ತೀರಿಕೊಂಡರು. 1952ರಿಂದ ಹ್ಯೂಸ್ಟನ್ನಿನಲ್ಲಿ ಮೈಕೆಲ್ ಡಿಬೇಕಿ ಮತ್ತು ಡೆಂಟನ್ ಕೂಲಿ ಸಾಲಾಗಿ ಇವನ್ನು ಮಾಡತೊಡಗಿದರು. 1953ರಲ್ಲಿ ಬಾಲ್ಟಿಮೋರಿನ ಹೆನ್ರಿ ಬಾನ್ಸನ್ ಒಡೆದ ಅನ್ಯೂರಿಸಂ ಇದ್ದ ರೋಗಿಯನ್ನೂ ಉಳಿಸಿದರು. ಆದರೆ ಎರವಲು ನಾಳಗಳು ಬಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಅವುಗಳ ಗೋಡೆಯಲ್ಲಿ ಸುಣ್ಣ ಕಟ್ಟಿತು, ಕೆಲವು ತಾವೇ ಉಬ್ಬಿದವು, ಕೆಲವು ಒಡೆದವು. ದ್ಯುಬೋ ಅವರ ರೋಗಿಗೆ ಸಿಕ್ಕ ಎಂಟು ವರ್ಷ ಎಲ್ಲರಿಗೂ ಸಿಗಲಿಲ್ಲ. ಬೇಕಾದಷ್ಟು ಶವಗಳಿಂದ ಬೇಕಾದ ಅಳತೆಯ ನಾಳ ಸಿಗುವುದೂ ಕಷ್ಟವಾಗಿತ್ತು.

ಉತ್ತರ ಬಟ್ಟೆಯಲ್ಲಿ ಸಿಕ್ಕಿತು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ತರಬೇತಿಯಲ್ಲಿದ್ದ ಆರ್ಥರ್ ವೂರ್ಹೀಸ್ 1947ರಲ್ಲಿ ನಾಯಿಯ ಹೃದಯದಲ್ಲಿ ಮೊದಲೊಮ್ಮೆ ಹಾಕಿದ್ದ ರೇಷ್ಮೆ ದಾರವನ್ನು ಕಂಡರು. ತಿಂಗಳುಗಳಲ್ಲಿ ಅದರ ಮೇಲೆ ನಯವಾದ ಹೊಳಪಿನ ಪದರ ಬೆಳೆದಿತ್ತು. ದಾರವೊಂದರ ಮೇಲೆ ದೇಹ ಇಂಥ ಪದರ ಹಾಸುವುದಾದರೆ, ದಾರಗಳಿಂದ ನೇಯ್ದ ಬಟ್ಟೆಯ ಮೇಲೆ ಏಕೆ ಹಾಸಬಾರದು ಎಂದು ಅವರು ಯೋಚಿಸಿದರು. ಗಾಜಿನ ಅಥವಾ ಲೋಹದ ಗಟ್ಟಿ ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟುತ್ತಿದ್ದುದರಿಂದ ಅಲ್ಲಿಯವರೆಗೆ ಎಲ್ಲರೂ ಸೋತಿದ್ದರು. ಸಣ್ಣ ರಂಧ್ರಗಳಿರುವ ಬಟ್ಟೆ ಮೊದಲು ಸ್ವಲ್ಪ ಸೋರಿ, ರಂಧ್ರಗಳಲ್ಲಿ ಹೆಪ್ಪು ಕಟ್ಟಿ, ಆಮೇಲೆ ದೇಹದ ಅಂಗಾಂಶ ಅದರಲ್ಲಿ ಬೇರೂರುತ್ತದೆ. ಪ್ಯಾರಾಚೂಟಿಗೆ ಬಳಸುವಂಥ ವಿನಿಯಾನ್-ಎನ್ ಬಟ್ಟೆಯನ್ನು ಹೊಲಿಗೆ ಯಂತ್ರದಲ್ಲಿ ನಳಿಕೆಯಾಗಿ ಹೊಲಿದು ನಾಯಿಗಳಲ್ಲಿ ಹಾಕಿದ ಫಲಿತಾಂಶವನ್ನು 1952ರಲ್ಲಿ ಪ್ರಕಟಿಸಿದರು. 1953ರಲ್ಲಿ ಅದೇ ಬಟ್ಟೆ ಮನುಷ್ಯರಿಗೂ ಬಂತು.

ಆಮೇಲೆ ಶಸ್ತ್ರವೈದ್ಯರೆಲ್ಲ ಬಟ್ಟೆ ಅಂಗಡಿಗೆ ಹೊಕ್ಕರು. ಡಿಬೇಕಿಯವರು ತಾವೇ ಹಲವು ಸಲ ಹೇಳಿಕೊಂಡ ಘಟನೆ ಇದು: ಹ್ಯೂಸ್ಟನ್ನಿನ ದೊಡ್ಡ ಅಂಗಡಿಯೊಂದಕ್ಕೆ ನೈಲಾನ್ ಕೊಳ್ಳಲು ಹೋದರು, ನೈಲಾನ್ ಮುಗಿದಿತ್ತು, ಹೊಸದಾಗಿ ಬಂದಿದ್ದ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ ತೋರಿಸಿದರು. ಅದನ್ನೇ ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ನಳಿಕೆ ಹೊಲಿದರು. ಹೊಲಿಗೆಯನ್ನು ಅವರು ಚಿಕ್ಕಂದಿನಲ್ಲಿ ಲೆಬನಾನ್ ಮೂಲದ ತಾಯಿಯಿಂದ ಕಲಿತಿದ್ದರು. ನೈಲಾನ್ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬುದನ್ನು ಕಾಲ ಬೇರೆಡೆ ತೋರಿಸಿತು. ದೇಹದೊಳಗೆ ನೈಲಾನ್ ಬೇಗ ತನ್ನ ಬಲ ಕಳೆದುಕೊಳ್ಳುತ್ತದೆ, ಡೇಕ್ರಾನ್ ದಶಕಗಟ್ಟಲೆ ಉಳಿಸಿಕೊಳ್ಳುತ್ತದೆ. ಹಾಕಿದ ದಿನ ಎರಡೂ ಒಂದೇ ರೀತಿ ಕೆಲಸ ಮಾಡುತ್ತಿದ್ದವು. ವ್ಯತ್ಯಾಸ ತಿಳಿದದ್ದು ವರ್ಷಗಳ ನಂತರ. ಫಿಲಡೆಲ್ಫಿಯಾದ ಜವಳಿ ಕಾಲೇಜಿನ ಥಾಮಸ್ ಎಡ್ಮನ್ ಹೊಲಿಗೆಯಿಲ್ಲದ, ಕವಲೊಡೆದ ನಳಿಕೆ ಹೆಣೆಯುವ ಯಂತ್ರ ಮಾಡಿಕೊಟ್ಟರು. ಬಾಗಿದಾಗ ಮಡಚಿ ಮುಚ್ಚಿಕೊಳ್ಳದಂತೆ ನಳಿಕೆಗೆ ನಿರಿಗೆ ಬಂತು. ಡಿಬೇಕಿಯವರ ಸ್ವಂತ ಮಹಾಪಧಮನಿಯ ಗೋಡೆ ಎದೆಯಲ್ಲಿ ಸೀಳಿದಾಗ, 2006ರಲ್ಲಿ, 97ನೇ ವಯಸ್ಸಿನಲ್ಲಿ, ಅವರ ಶಿಷ್ಯರೇ ಡೇಕ್ರಾನ್ ನಳಿಕೆ ಹಾಕಿ ಉಳಿಸಿಕೊಂಡರು. ಅವರು 2008ರವರೆಗೆ ಬದುಕಿದರು.

ನಾಳ ಸಿದ್ಧವಾಯಿತು, ವಿಧಾನ ಇನ್ನೂ ಒರಟಾಗಿತ್ತು. 1950ರ ದಶಕದಲ್ಲಿ ಉಬ್ಬನ್ನು ಪೂರ್ತಿಯಾಗಿ ಬಿಡಿಸಿ ತೆಗೆಯುತ್ತಿದ್ದರು. ಉಬ್ಬು ಹಿಂದಿನ ದೊಡ್ಡ ಸಿರೆಗಳಿಗೆ ಅಂಟಿಕೊಂಡಿರುತ್ತದೆ. ಬಿಡಿಸುವಾಗ ಸಿರೆ ಹರಿದರೆ ರಕ್ತಸ್ರಾವ ನಿಲ್ಲಿಸುವುದು ಬಹಳ ಕಷ್ಟ. ಹ್ಯೂಸ್ಟನ್ನಿನಲ್ಲಿ ಡಿಬೇಕಿ, ಕೂಲಿ ಅವರ ಜೊತೆ ಕೆಲಸ ಮಾಡಿ, ಮಟಾಸ್ ಅವರ ಟುಲೇನ್ ವಿಶ್ವವಿದ್ಯಾಲಯಕ್ಕೆ ಬಂದ ಆಸ್ಕರ್ ಕ್ರೀಚ್ 1966ರಲ್ಲಿ ಹಳೆಯ ಪಾಠವನ್ನು ಹೊಸ ಬಟ್ಟೆಯೊಂದಿಗೆ ಜೋಡಿಸಿದರು: ಚೀಲವನ್ನು ಇದ್ದಲ್ಲೇ ಬಿಡಿ, ಸೀಳಿ, ಒಳಗೆ ನಳಿಕೆ ಕೂರಿಸಿ. ಇಂದಿಗೂ ತೆರೆದ ಶಸ್ತ್ರಚಿಕಿತ್ಸೆ ನಡೆಯುವುದು ಹೀಗೆಯೇ. ಹೆಪಾರಿನ್ ಕೊಟ್ಟು, ಮೂತ್ರಪಿಂಡದ ಕವಲುಗಳ ಕೆಳಗೆ ಮಹಾಪಧಮನಿಗೆ ಕ್ಲ್ಯಾಂಪ್ ಹಾಕುತ್ತಾರೆ, ಕಾಲಿನ ಕಡೆಯ ನಾಳಗಳಿಗೂ ಹಾಕುತ್ತಾರೆ. ಉಬ್ಬನ್ನು ಉದ್ದಕ್ಕೆ ಸೀಳಿ ಹಳೆಯ ಹೆಪ್ಪನ್ನು ಕೈಯಿಂದ ತೆಗೆಯುತ್ತಾರೆ. ಬೆನ್ನ ಕಡೆಯಿಂದ ರಕ್ತ ಚಿಮ್ಮುವ ಸಣ್ಣ ಬಾಯಿಗಳನ್ನು ಒಳಗಿನಿಂದ ಹೊಲಿಯುತ್ತಾರೆ. ನಳಿಕೆಯ ಮೇಲಿನ ತುದಿ, ಆಮೇಲೆ ಕೆಳಗಿನ ತುದಿಯನ್ನು ಹೊಲಿಯುತ್ತಾರೆ. ಕ್ಲ್ಯಾಂಪ್ ತೆಗೆಯುವ ಹೊತ್ತು ಅರಿವಳಿಕೆ ವೈದ್ಯರದು. ಹಸಿದಿದ್ದ ಕಾಲುಗಳಿಗೆ ರಕ್ತ ಒಮ್ಮೆಲೇ ಇಳಿದು ರಕ್ತದೊತ್ತಡ ಕುಸಿಯುವುದರಿಂದ ಶಸ್ತ್ರವೈದ್ಯರು ಅವರನ್ನು ಕೇಳಿ ಕೇಳಿ, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾರೆ. ಕೊನೆಗೆ ಖಾಲಿ ಚೀಲದ ಗೋಡೆಯನ್ನೇ ನಳಿಕೆಯ ಮೇಲೆ ಹೊದಿಸಿ ಹೊಲಿಯುತ್ತಾರೆ. ಬಟ್ಟೆ ನೇರವಾಗಿ ಕರುಳಿಗೆ ತಾಗಿದರೆ ವರ್ಷಗಳ ನಂತರ ಕರುಳನ್ನು ಕೊರೆದು ಸೋಂಕು ಮತ್ತು ರಕ್ತಸ್ರಾವ ತರಬಹುದು. ಹತ್ತನೇ ವರ್ಷದ ಚಿಂತೆ ಈ ಕೊನೆಯ ಹೊಲಿಗೆಯಲ್ಲೇ ಸೇರಿದೆ.

ಸಾವಿನ ಪ್ರಮಾಣ ಇಳಿಯಿತು. ಆರಂಭದ ವರ್ಷಗಳಲ್ಲಿ ಯೋಜಿತ ಶಸ್ತ್ರಚಿಕಿತ್ಸೆಯಲ್ಲೇ ನೂರಕ್ಕೆ ಹದಿನೈದರ ಆಸುಪಾಸಿನಲ್ಲಿದ್ದದ್ದು 1980ರ ದಶಕದ ಹೊತ್ತಿಗೆ ಒಳ್ಳೆಯ ಕೇಂದ್ರಗಳಲ್ಲಿ ಐದಕ್ಕಿಂತ ಕೆಳಗಾಯಿತು. ಕೈ ಪಳಗಿದ್ದು ಒಂದು ಕಾರಣ. ಮೊದಲೇ ಹೃದಯವನ್ನು ಪರೀಕ್ಷಿಸುವುದು, ತೀವ್ರ ನಿಗಾ ಘಟಕ, ರೋಗಿಯದೇ ರಕ್ತವನ್ನು ಶೋಧಿಸಿ ಹಿಂದಿರುಗಿಸುವ ಯಂತ್ರ ಇವು ಉಳಿದ ಕಾರಣಗಳು.

ಹಾಗಾದರೆ ಯಾರಿಗೆ ಶಸ್ತ್ರಚಿಕಿತ್ಸೆ ಮಾಡಬೇಕು, ಯಾವಾಗ? ಈ ಪ್ರಶ್ನೆಗೆ ದೊರೆತ ಉತ್ತರವೇ ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಅಧ್ಯಾಯ. 1950ರಲ್ಲಿ ಮೇಯೊ ಕ್ಲಿನಿಕ್ಕಿನ ಎಸ್ಟಿಸ್ ಚಿಕಿತ್ಸೆಯಿಲ್ಲದ 102 ರೋಗಿಗಳ ಲೆಕ್ಕ ಇಟ್ಟಿದ್ದರು. ಐದು ವರ್ಷ ಬದುಕಿದವರು ಐದರಲ್ಲಿ ಒಬ್ಬರಷ್ಟು, ಸತ್ತವರಲ್ಲಿ ಹೆಚ್ಚಿನವರದು ಉಬ್ಬು ಒಡೆದ ಸಾವು. ಇದನ್ನು ಓದಿದ ಶಸ್ತ್ರವೈದ್ಯರು ಚಿಕ್ಕ ಉಬ್ಬುಗಳಿಗೂ ಕೈ ಹಾಕತೊಡಗಿದರು. ಆದರೆ ಎಸ್ಟಿಸ್ ಕಾಲದ ರೋಗಿಗಳ ಉಬ್ಬುಗಳು ಕೈಗೆ ಸಿಗುವಷ್ಟು ದೊಡ್ಡವು. ಅಲ್ಟ್ರಾಸೌಂಡ್ ಮತ್ತು ಸಿ.ಟಿ. ಬಂದ ಮೇಲೆ ಕಂಡವು ನಾಲ್ಕು, ನಾಲ್ಕೂವರೆ ಸೆಂಟಿಮೀಟರಿನವು. ಅವನ್ನೂ ಕೂಡಲೇ ಹೊಲಿಯಬೇಕೇ? ಬ್ರಿಟನ್ನಿನಲ್ಲಿ 1,090 ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗ, ಅಮೆರಿಕದಲ್ಲಿ 1,136 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗ, ಎರಡೂ ಒಂದೇ ಮಾತು ಹೇಳಿದವು. 5.5 ಸೆಂಟಿಮೀಟರಿಗಿಂತ ಚಿಕ್ಕ ಉಬ್ಬಿಗೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿದರೂ, ಸ್ಕ್ಯಾನ್ ಮಾಡುತ್ತ ಕಾದರೂ ಬದುಕುವ ಅವಧಿಯಲ್ಲಿ ವ್ಯತ್ಯಾಸವಿಲ್ಲ. ಅದೇ 5.5 ದಾಟಿದವರಲ್ಲಿ, ಶಸ್ತ್ರಚಿಕಿತ್ಸೆ ಸಾಧ್ಯವಾಗದೆ ಉಳಿದವರನ್ನು ಗಮನಿಸಿದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ, ವರ್ಷದೊಳಗೆ ನೂರರಲ್ಲಿ ಒಂಬತ್ತು ಹತ್ತು ಮಂದಿಯ ಉಬ್ಬು ಒಡೆಯಿತು. 7 ಸೆಂಟಿಮೀಟರ್ ಮುಟ್ಟಿದವರಲ್ಲಿ ಮೂವತ್ತೆರಡು. ಚಾಕು ಹಿಡಿದವರು ತಾವೇ ಪ್ರಯೋಗ ನಡೆಸಿ ‘ಕಾಯಿರಿ’ ಎಂಬ ತೀರ್ಮಾನಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಒಂದು ಕೊರತೆ ಮಾತ್ರ ಉಳಿಯಿತು. ಅಮೆರಿಕದ ಪ್ರಯೋಗದಲ್ಲಿದ್ದವರು ಬಹುಪಾಲು ಎಲ್ಲರೂ ಗಂಡಸರು. ಹೆಂಗಸರಲ್ಲಿ ಈ ರೋಗ ಅಪರೂಪ, ಆದರೆ ಬಂದರೆ ಚಿಕ್ಕ ಅಳತೆಯಲ್ಲೇ ಒಡೆಯುತ್ತದೆ. ಹಾಗಾಗಿ ಅವರಿಗೆ 5 ಸೆಂಟಿಮೀಟರಿಗೇ ಯೋಚಿಸಬೇಕು ಎನ್ನುತ್ತಾರೆ. ಆ ಸಂಖ್ಯೆಯ ಹಿಂದೆ ಗಂಡಸರ ಸಂಖ್ಯೆಗಿರುವಷ್ಟು ಗಟ್ಟಿ ಪುರಾವೆ ಇಲ್ಲ.

ಇನ್ನು ಹೊಟ್ಟೆ ತೆರೆಯದ ವಿಧಾನ. ಇದರ ಶ್ರೇಯಸ್ಸನ್ನು ಹೇಳುವಾಗ ಉಕ್ರೇನಿನ ಖಾರ್ಕಿವ್ ನಗರದ ನಿಕೊಲಾಯ್ ವೊಲೊದೋಸ್ ಅವರಿಂದ ಆರಂಭಿಸಬೇಕು. 1987ರ ಮಾರ್ಚಿನಲ್ಲಿ ಅವರು ತೊಡೆಸಂದಿಯ ನಾಳದಿಂದ ಸ್ಪ್ರಿಂಗ್ ಜೋಡಿಸಿದ ಬಟ್ಟೆಯ ನಳಿಕೆಯನ್ನು ಒಳಗೆ ಸಾಗಿಸಿ, ಎದೆಯ ಮಹಾಪಧಮನಿಯ ಗಾಯದ ಉಬ್ಬಿಗೆ ಚಿಕಿತ್ಸೆ ಮಾಡಿದರು. ಸೋವಿಯತ್ ಪತ್ರಿಕೆಗಳಲ್ಲಿ ಪ್ರಕಟವಾದ ಅದು ಪಶ್ಚಿಮದವರ ಕಣ್ಣಿಗೆ ಬೀಳಲಿಲ್ಲ. ಅರ್ಜೆಂಟೀನಾದ ಹುವಾನ್ ಪರೋದಿ 1970ರ ದಶಕದಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ತರಬೇತಿಯಲ್ಲಿದ್ದಾಗ, ತೆರೆದ ಶಸ್ತ್ರಚಿಕಿತ್ಸೆ ತಡೆದುಕೊಳ್ಳಲಾರದ ವಯಸ್ಸಾದ ರೋಗಿಗಳನ್ನು ಕಂಡು ಇದೇ ದಾರಿ ಯೋಚಿಸಿದ್ದರು. ಅದೇ ದೇಶದ ಹೂಲಿಯೊ ಪಾಲ್ಮಾಸ್ ರೂಪಿಸಿದ ಬಲೂನಿನಿಂದ ಹಿಗ್ಗುವ ಸ್ಟೆಂಟ್ ಮತ್ತು ಎಂಜಿನಿಯರ್ ಎಕ್ಟೋರ್ ಬರೋನೆ ಅವರ ಸಹಾಯ ಸೇರಿದಾಗ, 1990ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೊಟ್ಟೆಯ ಅನ್ಯೂರಿಸಂಗೆ ಒಳಗಿನಿಂದಲೇ ನಳಿಕೆ ಕೂರಿಸಿದರು. ರೋಗಿಯ ಶ್ವಾಸಕೋಶ ಕೆಟ್ಟಿತ್ತು, ಹೊಟ್ಟೆ ತೆರೆಯುವಂತಿರಲಿಲ್ಲ. 1991ರ ಅವರ ಪ್ರಬಂಧ ಈ ವಿದ್ಯೆಯ ದಿಕ್ಕು ಬದಲಿಸಿತು.

ಈ ಒಳನಳಿಕೆಯ ಮೂಲ ತತ್ತ್ವ ಕ್ರೀಚ್ ಹೇಳಿದ್ದೇ: ಚೀಲ ಇದ್ದಲ್ಲೇ ಇರಲಿ, ರಕ್ತ ನಳಿಕೆಯಲ್ಲಿ ಹರಿಯಲಿ. ಆದರೆ ಇಲ್ಲಿ ಹೊಲಿಗೆ ಇಲ್ಲ. ಹಿಗ್ಗಿದ ಸ್ಟೆಂಟಿನ ಒತ್ತಡ ಮತ್ತು ಸಣ್ಣ ಕೊಕ್ಕೆಗಳೇ ಹಿಡಿತ. ಮೂತ್ರಪಿಂಡದ ಕವಲಿನ ಕೆಳಗೆ ಒಂದು ಒಂದೂವರೆ ಸೆಂಟಿಮೀಟರ್ ಉಬ್ಬದ, ಆರೋಗ್ಯವಾದ ನಾಳದ ಕತ್ತು ಇಲ್ಲದಿದ್ದರೆ ನಳಿಕೆ ನಿಲ್ಲುವುದಿಲ್ಲ. ನಿಂತರೂ ಬೆನ್ನ ಕಡೆಯ ಸಣ್ಣ ನಾಳಗಳಿಂದ ರಕ್ತ ಚೀಲಕ್ಕೆ ಹಿಂದಿನಿಂದ ಬರಬಹುದು. ಕತ್ತು ಮುಂದೆ ಅಗಲವಾಗಿ ನಳಿಕೆ ಕೆಳಗೆ ಜಾರಬಹುದು. ಜೋಡಿಸಿದ ತುಂಡುಗಳು ಬೇರ್ಪಡಬಹುದು. ಚೀಲದೊಳಕ್ಕೆ ಹೀಗೆ ರಕ್ತ ನುಗ್ಗುವುದಕ್ಕೆ ವೈದ್ಯರು ಎಂಡೋಲೀಕ್ ಎನ್ನುತ್ತಾರೆ. ಮೊದಲ ತಲೆಮಾರಿನ ನಳಿಕೆಗಳಲ್ಲಿ ಇವೆಲ್ಲವೂ ಆದವು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎರಡು ಸಾಧನಗಳಿಗೆ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ಒಂದಾದ ಆನ್‌ಕ್ಯೂರ್ ತಯಾರಿಸಿದ ಗೈಡೆಂಟ್ ಸಂಸ್ಥೆಯ ಅಂಗಸಂಸ್ಥೆ, ಸಾಧನ ಸೇರಿಸುವ ಉಪಕರಣ ಒಳಗೇ ಸಿಕ್ಕಿಕೊಳ್ಳುತ್ತಿದ್ದ ಸಾವಿರಾರು ಘಟನೆಗಳನ್ನು ಸರ್ಕಾರಕ್ಕೆ ತಿಳಿಸಿರಲಿಲ್ಲ. 2003ರಲ್ಲಿ ತಪ್ಪೊಪ್ಪಿಕೊಂಡು 9.24 ಕೋಟಿ ಡಾಲರ್ ದಂಡ ತೆತ್ತಿತು. ಸಂಸ್ಥೆಯ ಒಳಗಿನವರೇ ಅನಾಮಧೇಯ ಪತ್ರ ಬರೆಯದಿದ್ದರೆ ಅದು ಇನ್ನೆಷ್ಟು ಕಾಲ ಮುಚ್ಚಿರುತ್ತಿತ್ತೋ. ಹೊಸ ಸಾಧನದ ದೋಷ ತಿಳಿಯುವುದು ಮಾರಾಟಕ್ಕೆ ಬಂದ ಮೇಲಿನ ಲೆಕ್ಕದಿಂದ. ಆ ಲೆಕ್ಕವನ್ನೇ ಅಡಗಿಸಿದರೆ ಮುಂದಿನ ರೋಗಿಗೆ ರಕ್ಷಣೆಯೇ ಇಲ್ಲ.

ಪ್ರಯೋಗಗಳು ಇಲ್ಲೂ ಬಂದವು. ಬ್ರಿಟನ್ನಿನ ಈವಾರ್-1 ಪ್ರಯೋಗದಲ್ಲಿ 1,082 ರೋಗಿಗಳಿದ್ದರು. ಮೊದಲ ಮೂವತ್ತು ದಿನಗಳಲ್ಲಿ ತೆರೆದ ಶಸ್ತ್ರಚಿಕಿತ್ಸೆಯವರಲ್ಲಿ ಸಾವು ನೂರಕ್ಕೆ 4.7, ಒಳನಳಿಕೆಯವರಲ್ಲಿ 1.7. 2004ರಲ್ಲಿ ಈ ಸಂಖ್ಯೆ ಹೊರಬಂದಾಗ ಸಂಭ್ರಮಕ್ಕೆ ಕಾರಣವಿತ್ತು. ಎರಡು ಮೂರು ದಿನಕ್ಕೆ ಮನೆ, ಹೊಟ್ಟೆಯ ಮೇಲೆ ಗಾಯವಿಲ್ಲ. ಕೆಲವೇ ವರ್ಷಗಳಲ್ಲಿ ಎರಡು ಗುಂಪುಗಳಲ್ಲಿ ಬದುಕಿದವರ ಲೆಕ್ಕ ತೋರಿಸುವ ಗೆರೆಗಳು ಕೂಡಿಕೊಂಡವು. ಅದೇ ರೋಗಿಗಳನ್ನು ಹದಿನೈದು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎಂಟನೇ ವರ್ಷದ ನಂತರ ಗೆರೆಗಳು ಅಡ್ಡ ದಾಟಿದ್ದವು. ತೆರೆದ ಶಸ್ತ್ರಚಿಕಿತ್ಸೆಯವರು ಹೆಚ್ಚು ಬದುಕಿದ್ದರು. ಒಳನಳಿಕೆಯವರಲ್ಲಿ ಹಳೆಯ ಚೀಲ ಮತ್ತೆ ತುಂಬಿ ಒಡೆದ ಸಾವುಗಳು ಕಂಡವು. ತೆರೆದ ಶಸ್ತ್ರಚಿಕಿತ್ಸೆಗೆ ಆಗದಷ್ಟು ದುರ್ಬಲರಾದವರ ಮೇಲಿನ ಈವಾರ್-2 ಪ್ರಯೋಗ ಇನ್ನೂ ಕಠಿಣ ಸತ್ಯ ಹೇಳಿತು: ಉಬ್ಬು ಒಡೆಯದಂತೆ ತಡೆದರೂ ಅವರ ಒಟ್ಟು ಆಯಸ್ಸು ಹೆಚ್ಚಲಿಲ್ಲ, ಹೃದಯವೋ ಶ್ವಾಸಕೋಶವೋ ಅವರನ್ನು ಒಯ್ದಿತು. ಪರೋದಿಯವರು ಯಾರಿಗಾಗಿ ಈ ದಾರಿ ಹುಡುಕಿದ್ದರೋ ಅವರಿಗೇ ಲಾಭ ತೋರಿಸುವುದು ಕಷ್ಟವಾಯಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2018ರ ಕರಡಿನಲ್ಲಿ, ಒಡೆಯದ ಅನ್ಯೂರಿಸಂಗೆ ಒಳನಳಿಕೆ ಬೇಡವೆಂದೇ ಹೇಳಿತು. ವೈದ್ಯರ ಪ್ರತಿಭಟನೆಯ ನಂತರ 2020ರ ಅಂತಿಮ ಮಾರ್ಗಸೂಚಿಯಲ್ಲಿ ಅದನ್ನು ಸಡಿಲಿಸಿತು. ಪ್ರಯೋಗಕ್ಕೆ ಒಳಗಾದದ್ದು ಹಳೆಯ ಸಾಧನಗಳು, ಈಗಿನವು ಉತ್ತಮ ಎಂಬ ವಾದದಲ್ಲಿ ಹುರುಳಿದೆ. ಆದರೆ ಈಗಿನವುಗಳ ಹದಿನೈದನೇ ವರ್ಷ ಇನ್ನೂ ಬಂದಿಲ್ಲ. ಅರವತ್ತರ ಆರೋಗ್ಯವಂತ ರೋಗಿಗೆ ತೆರೆದ ಶಸ್ತ್ರಚಿಕಿತ್ಸೆಯ ಆಯ್ಕೆಯನ್ನು ಬಿಡಿಸಿ ಹೇಳದಿರುವುದು ನನಗೆ ತಪ್ಪೆನಿಸುತ್ತದೆ.

ಒಡೆದ ಅನ್ಯೂರಿಸಂನಲ್ಲಿ ಲೆಕ್ಕ ಬೇರೆ. ಇಂಪ್ರೂವ್ ಎಂಬ ಬ್ರಿಟಿಷ್ ಪ್ರಯೋಗದಲ್ಲಿ 613 ಮಂದಿಯನ್ನು ಎರಡು ಗುಂಪು ಮಾಡಿದಾಗ ಮೂವತ್ತು ದಿನಗಳ ಸಾವು ಎರಡೂ ಕಡೆ ಮೂರರಲ್ಲಿ ಒಂದಕ್ಕಿಂತ ತುಸು ಹೆಚ್ಚೇ ಇತ್ತು. ಮೂರು ವರ್ಷಗಳ ಹೊತ್ತಿಗೆ ಒಳನಳಿಕೆಯ ಯೋಜನೆಯವರು ಮುಂದಿದ್ದರು. ಸ್ಥಳೀಯ ಅರಿವಳಿಕೆಯಲ್ಲೇ ಕೆಲಸ ಮುಗಿದವರು ಹೆಚ್ಚು ಬದುಕಿದರು. ಹೊಟ್ಟೆಯ ಸ್ನಾಯುಗಳ ಬಿಗಿತವೇ ಸೋರುವ ರಕ್ತವನ್ನು ಸ್ವಲ್ಪ ಕಾಲ ತಡೆದಿರುತ್ತದೆ. ಪೂರ್ಣ ಅರಿವಳಿಕೆಯಲ್ಲಿ ಆ ಬಿಗಿತ ಹೋಗುತ್ತದೆ. ಮೂತ್ರಪಿಂಡದ ಕವಲುಗಳನ್ನೂ ಸೇರಿಸಿಕೊಂಡು ಉಬ್ಬಿದವರಿಗೆ ಆಯಾ ಜಾಗದಲ್ಲಿ ಕಿಂಡಿ ಇಟ್ಟು ಹೊಲಿದ ನಳಿಕೆಗಳು ಬಂದಿವೆ. ಆಸ್ಟ್ರೇಲಿಯಾದ ಪರ್ತ್ ನಗರದ ವೈದ್ಯರು ಇದರಲ್ಲಿ ಮುಂಚೂಣಿಯಲ್ಲಿದ್ದರು.

ನಮ್ಮಲ್ಲಿ ರಕ್ತನಾಳ ಶಸ್ತ್ರಚಿಕಿತ್ಸೆ ಬೇರೆಯೇ ವಿಭಾಗವಾಗಿ ಬೆಳೆದಿದೆ. ಬೆಂಗಳೂರಿನ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕುಲರ್ ಸೈನ್ಸಸ್‌ನಂಥ ಕೇಂದ್ರಗಳಲ್ಲಿ ಚಿಕಿತ್ಸೆಯೂ ತರಬೇತಿಯೂ ನಡೆಯುತ್ತವೆ. ಆದರೆ ಒಳನಳಿಕೆ ಹಾಕಿಸಿಕೊಂಡವರು ಜೀವಮಾನವಿಡೀ ಸ್ಕ್ಯಾನ್ ಮಾಡಿಸಿಕೊಳ್ಳುತ್ತಿರಬೇಕು. ಯಾದಗಿರಿಯಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಬಂದವರಿಗೆ ಪ್ರತಿ ವರ್ಷದ ಸ್ಕ್ಯಾನ್ ಎಂದರೆ ಪ್ರಯಾಣ, ಜೊತೆಗೊಬ್ಬರು, ಕೂಲಿ ನಷ್ಟ. ಮೊದಲ ವರ್ಷ ಬಂದವರು ಐದನೇ ವರ್ಷ ಬರದಿದ್ದರೆ ಸೋರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ಯಾವ ವಿಧಾನ ಒಳ್ಳೆಯದು ಎಂಬ ಪ್ರಶ್ನೆಗೆ ರೋಗಿಯ ಊರು ಎಷ್ಟು ದೂರ ಎಂಬುದೂ ಸೇರಬೇಕು. ಕಿರಿಯ ವಯಸ್ಸಿನವರ ಉಬ್ಬಿಗೆ ರಕ್ತನಾಳದ ಉರಿಯೂತವಾದ ಟಕಾಯಾಸು ರೋಗವೋ ಸೋಂಕೋ ಕಾರಣವಾಗಿರಬಹುದು, ಅದನ್ನು ನಮ್ಮ ವೈದ್ಯರು ಮೊದಲೇ ಯೋಚಿಸಬೇಕಾಗುತ್ತದೆ.

ಒಡೆಯುವ ಮೊದಲೇ ಹುಡುಕುವುದು ಇನ್ನೊಂದು ದಾರಿ. ಬ್ರಿಟನ್ನಿನಲ್ಲಿ 65ರಿಂದ 74 ವಯಸ್ಸಿನ ಸುಮಾರು 67,800 ಗಂಡಸರನ್ನು ಸೇರಿಸಿಕೊಂಡು ನಡೆದ ಪ್ರಯೋಗ 2002ರಲ್ಲಿ ಪ್ರಕಟವಾಯಿತು. ಒಂದೇ ಒಂದು ಅಲ್ಟ್ರಾಸೌಂಡಿಗೆ ಕರೆದ ಗುಂಪಿನಲ್ಲಿ ಅನ್ಯೂರಿಸಂ ಸಾವು ನಾಲ್ಕು ವರ್ಷಗಳಲ್ಲಿ ನೂರಕ್ಕೆ 42ರಷ್ಟು ಕಡಿಮೆಯಾಗಿತ್ತು. 2009ರಿಂದ ಇಂಗ್ಲೆಂಡ್ 65 ತುಂಬಿದ ಗಂಡಸರನ್ನು ಕರೆಯುತ್ತ ಬಂದಿದೆ. ಅಮೆರಿಕದಲ್ಲಿ ಒಮ್ಮೆಯಾದರೂ ಧೂಮಪಾನಿಯಾಗಿದ್ದ 65ರಿಂದ 75ರ ಗಂಡಸರಿಗೆ ಒಂದು ಸ್ಕ್ಯಾನ್ ಸಲಹೆ ಇದೆ. ಭಾರತದಲ್ಲಿ ಅಂಥ ಕಾರ್ಯಕ್ರಮವಿಲ್ಲ. ಕಲ್ಲು ಹುಡುಕಲು ಮಾಡಿದ ಸ್ಕ್ಯಾನಿನಲ್ಲಿ ಉಬ್ಬು ಆಕಸ್ಮಿಕವಾಗಿ ಕಾಣುವುದೇ ಇಲ್ಲಿನ ದಾರಿ. ಉಬ್ಬಿನ ಬೆಳವಣಿಗೆ ನಿಧಾನಗೊಳಿಸುವ ಔಷಧಿಯೂ ಸಿಕ್ಕಿಲ್ಲ. ಡಾಕ್ಸಿಸೈಕ್ಲಿನ್ ಮೇಲೆ ಭರವಸೆಯಿತ್ತು, 2020ರಲ್ಲಿ ಪ್ರಕಟವಾದ ಪ್ರಯೋಗ ಅದನ್ನು ತಳ್ಳಿಹಾಕಿತು. ಮಧುಮೇಹಿಗಳಲ್ಲಿ ಉಬ್ಬು ನಿಧಾನವಾಗಿ ಬೆಳೆಯುವುದನ್ನು ಕಂಡು ಈಗ ಮಧುಮೇಹದ ಔಷಧಿಯಾದ ಮೆಟ್‌ಫಾರ್ಮಿನ್ ಕಡೆ ನೋಡುತ್ತಿದ್ದಾರೆ.

ಇಂಗ್ಲೆಂಡಿನ ತಪಾಸಣೆ ಶುರುವಾದಾಗ ನೂರರಲ್ಲಿ ನಾಲ್ಕೈದು ಗಂಡಸರಲ್ಲಿ ಉಬ್ಬು ಸಿಕ್ಕೀತೆಂಬ ನಿರೀಕ್ಷೆ ಇತ್ತು. ಮೊದಲ ಐದು ವರ್ಷಗಳ ಲೆಕ್ಕದಲ್ಲಿ ಸಿಕ್ಕಿದ್ದು 1.34. ಆ ತಲೆಮಾರಿನ ಗಂಡಸರು ತಮ್ಮ ಅಪ್ಪಂದಿರಷ್ಟು ಸಿಗರೇಟು ಸೇದಿರಲಿಲ್ಲ.